ಕಾಲೇಜು ಏತಕ್ಕೆ ಬೇಕಾಗಿತ್ತು?

(ಸಂಘದ ವಿದ್ಯಾಸಹಾಯ ನಿಧಿಯ ವಾರ್ಷಿಕ ಸಭೆಯಲ್ಲಿ ಸಮಿತಿಯ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಈ ವೇದಿಕೆಯ ಮೇಲೆ ಕುರ್ಚಿ ಸಾಲಿಟ್ಟು ನನಗೆ ಅಭ್ಯಾಸ, ಕುಳಿತು ಅಭ್ಯಾಸವಿಲ್ಲ. ಆದರೂ ಈ ಸಲ ನಾಲ್ಕು ಮಾತು ಹೇಳಲೇಬೇಕೆಂದು ಅಧ್ಯಕ್ಷರ ಬಳಿ ನಾನೇ ಕೇಳಿಕೊಂಡೆ. ಕಾರಣವನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ನಿಧಿಯಿಂದ ಕಾಲೇಜಿನ ಫೀಗೆ ಸಹಾಯ ಬೇಡುವ ಹುಡುಗ ಹುಡುಗಿಯರು ಒಂದು ಅರ್ಜಿ ತುಂಬಬೇಕಷ್ಟೆ. ಅದರಲ್ಲಿ ಒಂದು ಪ್ರಶ್ನೆಯಿದೆ: "ತಾವು ಕಾಲೇಜು ಶಿಕ್ಷಣ ಪಡೆಯಲು ಏತಕ್ಕೆ ಬಯಸುತ್ತೀರಿ?" ಈ ವರ್ಷ ಇಪ್ಪತ್ತಮೂರು ಅರ್ಜಿಗಳು ಬಂದವು. ಇಪ್ಪತ್ತಮೂರನ್ನೂ ಓದಿದೆ. ಎಲ್ಲರ ಉತ್ತರವೂ ಒಂದೇ. "ಒಳ್ಳೆಯ ಉದ್ಯೋಗ ಪಡೆದು ತಂದೆತಾಯಿಯರನ್ನು ಸಾಕಿ ಸಮಾಜ ಸೇವೆ ಮಾಡುವ ಉದ್ದೇಶದಿಂದ." ತಪ್ಪೇನಿಲ್ಲ, ಬರೆಯಲಿ. ಆದರೆ ಇಪ್ಪತ್ತಮೂರು ಮಕ್ಕಳ ಮನಸ್ಸಿನಲ್ಲಿ ಒಂದೇ ಮಾತಿರಲು ಹೇಗೆ ಸಾಧ್ಯ? ಯಾರೋ ಒಬ್ಬರು ಬರೆದದ್ದನ್ನು ಉಳಿದವರು ನೋಡಿ ಇಳಿಸಿಕೊಂಡಿದ್ದಾರೆಂದು ಸಮಿತಿಯಲ್ಲಿ ಒಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಅರುವತ್ತು ವರ್ಷಗಳ ಹಿಂದೆ ನನ್ನನ್ನೂ ಇದೇ ಪ್ರಶ್ನೆ ಕೇಳಿದ್ದರು. ನಾನೂ ಸುಳ್ಳು ಹೇಳಿದ್ದೆ. ಒಬ್ಬರಿಗೊಂದರಂತೆ ಮೂರು ಸುಳ್ಳು.

ನಾನು ಕುಂದಾಪುರ ತಾಲೂಕಿನವನು. 1957ರಲ್ಲಿ, ದೀಪಾವಳಿ ಕಳೆದ ಮೇಲೆ, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದೆ. ಘಾಟಿ ಹತ್ತಿ ಶಿವಮೊಗ್ಗ, ಅಲ್ಲಿಂದ ಬೀರೂರು, ಬೀರೂರಿನಿಂದ ಪುಣೆ, ಪುಣೆಯಲ್ಲಿ ಗಾಡಿ ಬದಲಿಸಿ ಬೋರಿಬಂದರ. ಜೊತೆಗೆ ಬಂದ ಊರಿನವರೊಬ್ಬರು ನನ್ನನ್ನು ಫೋರ್ಟಿನ ಒಂದು ಹೋಟೆಲಿನ ಹಿಂಬಾಗಿಲಿನಲ್ಲಿ ಬಿಟ್ಟು ಹೋದರು. ಮೋರಿಯಲ್ಲಿ ಕಪ್ಪು ಬಶಿ ತೊಳೆಯುವ ಕೆಲಸ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ಕಟ್ಟಪ್ಪಣೆ ಬಂದದ್ದು 2006ರ ಅಕ್ಟೋಬರಿನಲ್ಲಿ. ನನಗೆ ಅದು ನಲವತ್ತೊಂಬತ್ತು ವರ್ಷ ತಡವಾಯಿತು.

ಮೋರಿಯಿಂದ ಟೇಬಲ್ ಒರೆಸಲು, ಅಲ್ಲಿಂದ ಆಫೀಸುಗಳಿಗೆ ಚಹಾ ಒಯ್ಯಲು ಬಡ್ತಿ. ಎಲ್ಲಿ ಹೋದರೂ ನನ್ನ ಹೆಸರು 'ಬಾರ್ಕ್ಯಾ'. ಮರಾಠಿಯಲ್ಲಿ ಸಣ್ಣವ ಎಂದರ್ಥ. ನನಗಿಂತ ಮುಂಚೆ ಇದ್ದವನೂ ಬಾರ್ಕ್ಯಾ, ನನ್ನ ಮೇಲೆ ಬಂದವನೂ ಬಾರ್ಕ್ಯಾ. ಮನೆಯಲ್ಲಿ ಅಬ್ಬೆ ಕರೆಯುವ ಹೆಸರು ವರ್ಷದಲ್ಲಿ ಮೂರೋ ನಾಲ್ಕೋ ಸಲ ಅಂಚೆಯ ಕಾರ್ಡಿನ ಮೇಲೆ ಮಾತ್ರ ಕಾಣುತ್ತಿತ್ತು.

ರಾತ್ರಿ ಶಾಲೆಯ ಪುಣ್ಯವನ್ನು ಇಲ್ಲಿರುವ ಹಿರಿಯರಿಗೆ ನಾನು ವರ್ಣಿಸಬೇಕಾಗಿಲ್ಲ. ಒಂದು ಸಂಗತಿಯನ್ನು ಮಾತ್ರ ಕಿರಿಯರಿಗಾಗಿ ಹೇಳುತ್ತೇನೆ. ಕನ್ನಡ ರಾತ್ರಿ ಶಾಲೆಗಳು ಫೋರ್ಟಿನಲ್ಲಿ ಬೇರೂರಿದ್ದು ಸುಮ್ಮನೆ ಅಲ್ಲ. ಫೋರ್ಟು ಆಫೀಸುಗಳ ಪೇಟೆ. ಸಂಜೆ ಆರಕ್ಕೆ ಗುಮಾಸ್ತರೆಲ್ಲ ಲೋಕಲ್ ಹಿಡಿದು ಹೋದರೆಂದರೆ ಹೋಟೆಲು ತಣ್ಣಗಾಗುತ್ತದೆ. ಧನಿಗಳಿಗೂ ಹುಡುಗರನ್ನು ಬಿಡಲು ಅಡ್ಡಿಯಿಲ್ಲ. ದಾದರದ ಕಡೆ, ಉಪನಗರಗಳಲ್ಲಿ ಹಾಗಲ್ಲ. ಫೋರ್ಟಿನಲ್ಲಿ ಗಿರಾಕಿ ಮುಗಿದಾಗ ಅಲ್ಲಿ ಶುರುವಾಗುತ್ತದೆ, ನಡುರಾತ್ರಿಯವರೆಗೂ ಇರುತ್ತದೆ. ಊರಿನಿಂದ ಬಂದ ಹುಡುಗ ಯಾವ ಸ್ಟೇಶನ್ನಿನಲ್ಲಿ ಇಳಿದ ಎಂಬುದರ ಮೇಲೆ ಅವನಿಗೆ ಅಕ್ಷರ ಸಿಗುತ್ತದೋ ಇಲ್ಲವೋ ನಿರ್ಧಾರವಾಗುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1964ರ ಮಾರ್ಚಿನಲ್ಲಿ ಎಸ್.ಎಸ್.ಸಿ. ಪರೀಕ್ಷೆಗೆ ಕೂತೆ. ಇಂಗ್ಲಿಷಿನಲ್ಲಿ, ಗಣಿತದಲ್ಲಿ ಡುಮುಕಿ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸಾದೆ. ಆಗ ತಲೆಗೆ ಹತ್ತಿತು ಕಾಲೇಜಿನ ಹುಚ್ಚು.

ಧನಿಗಳ ಮುಂದೆ ಹೋಗಿ ನಿಂತೆ. "ಕಾಲೇಜಾ? ಎಂತಕ್ಕೆ ಮಾರಾಯ?" ಅಂದರು. "ಲೆಕ್ಕಪತ್ರ ಕಲಿತು ನಿಮ್ಮ ಗಲ್ಲೆಗೇ ಬಂದು ಕೂರುತ್ತೇನೆ" ಅಂದೆ. ಅದು ಮೊದಲನೆಯ ಸುಳ್ಳು. ಅಪ್ಪಯ್ಯನಿಗೆ ಕಾಗದ ಬರೆದೆ: ಬಿ.ಎ. ಆದರೆ ತಿಂಗಳಿಗೆ ಇನ್ನೂರೈವತ್ತು ರೂಪಾಯಿಯ ನೌಕರಿ ಕಾದಿದೆಯಂತೆ ಎಂದು. ಕಾದಿರಲಿಲ್ಲ. ಕಾಲೇಜಿನ ಅರ್ಜಿಯಲ್ಲಿ ಕೇಳಿದ್ದಕ್ಕೆ, ನನ್ನ ಪಕ್ಕದಲ್ಲಿ ನಿಂತಿದ್ದವನು ಬರೆದದ್ದನ್ನೇ ನೋಡಿ ಬರೆದೆ: ದೇಶಸೇವೆ.

ಈಗ ನಿಜವನ್ನು ಹೇಳುತ್ತೇನೆ.

1962ರಲ್ಲಿ ಊರಿನಿಂದ ಒಂದು ಲಕೋಟೆ ಬಂತು. ಅಪ್ಪಯ್ಯ ಚಾಲಗೇಣಿ ಒಕ್ಕಲು. ಒಡೆಯರ ಪರವಾಗಿ ವಕೀಲರು ಕಳಿಸಿದ ನೋಟೀಸು ಅದು, ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು, ಎರಡು ಹಾಳೆ. ಊರಿನಲ್ಲಿ ಓದುವವರಿಲ್ಲವೆಂದಲ್ಲ, ಓದಬಲ್ಲವರೆಲ್ಲ ಒಡೆಯರ ಕಡೆಯವರು. ಮುಂಬಯಿಯಲ್ಲಿ ಮಗ ಇದ್ದಾನೆ, ರಾತ್ರಿ ಶಾಲೆ ಓದುತ್ತಾನೆ, ಅವನು ತಿಳಿದು ಬರೆಯುತ್ತಾನೆ ಎಂದು ಅಪ್ಪಯ್ಯನ ನಂಬಿಕೆ. ನಾನಾಗ ಒಂಬತ್ತನೆಯ ಇಯತ್ತೆ. ಅಕ್ಷರಗಳನ್ನು ಒಂದೊಂದಾಗಿ ಓದಬಲ್ಲೆ, ಒಂದು ಸಾಲೂ ಅರ್ಥವಾಗಲೊಲ್ಲದು. ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ದಿನಾ ಬೆಳಿಗ್ಗೆ ಇಡ್ಲಿ ತಿನ್ನಲು ಬರುತ್ತಿದ್ದ ಒಬ್ಬ ಗುಮಾಸ್ತರ ಮುಂದೆ ಹಿಡಿದೆ. ಒಳ್ಳೆಯ ಮನುಷ್ಯರೇ. ಆಫೀಸಿಗೆ ಹೊತ್ತಾಗುತ್ತಿತ್ತು. ಎಡಗೈಯಲ್ಲಿ ಹಾಳೆ ತಿರುಗಿಸಿ, "ಗೇಣಿ ಬಾಕಿ ಇದೆಯಂತೆ, ಕಟ್ಟಬೇಕಂತೆ" ಎಂದು ಹೇಳಿ, ಕಾಗದವನ್ನು ಟೇಬಲ್ಲಿನ ಮೇಲಿಟ್ಟು ಅದರ ಮೇಲೆ ಚಹಾದ ಕಪ್ಪು ಇಟ್ಟರು. ಕಪ್ಪಿನ ಗುಂಡನೆಯ ಕಲೆ ಆ ಕಾಗದದ ಮೇಲೆ ಈಗಲೂ ಇದೆ.

ನಾನು ಹಾಗೆಯೇ ಊರಿಗೆ ಬರೆದೆ. ಅಪ್ಪಯ್ಯ ದನ ಮಾರಿ ಬಾಕಿ ಕಟ್ಟಿದರು. ಆದರೂ ಮೇಲಿನ ಗದ್ದೆ ಹೋಯಿತು. ಏಕೆ ಹೋಯಿತೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ದೊಡ್ಡವರ ಕಾರಭಾರ ಎಂದುಕೊಂಡೆವು.

ಆ ಕಾಗದವನ್ನು ನಾನೇ ಓದಬೇಕು. ಕಾಲೇಜು ಬೇಕಾಗಿದ್ದುದು ಇದಕ್ಕೆ. ಇದನ್ನು ಧನಿಗಳಿಗೆ ಹೇಳುವುದು ಹೇಗೆ? ಅಪ್ಪಯ್ಯನಿಗಂತೂ ಹೇಳುವಂತೆಯೇ ಇರಲಿಲ್ಲ. ಅವರ ದೃಷ್ಟಿಯಲ್ಲಿ ನಾನದನ್ನು ಅದಾಗಲೇ ಓದಿಯಾಗಿತ್ತು.

ಇನ್ನೊಂದು ಕಾರಣವೂ ಉಂಟು, ಹೇಳಲು ಈಗಲೂ ನಾಚಿಕೆ. ನಮ್ಮ ಹೋಟೆಲಿಗೆ ಕಾಲೇಜು ಹುಡುಗರು ನಾಲ್ಕಾರು ಮಂದಿ ಬರುತ್ತಿದ್ದರು. ಒಂದು ಪ್ಲೇಟು ಬಟಾಟೆವಡೆ, ಎರಡು ಚಹಾ, ಆರು ಮಂದಿ, ಒಂದು ಗಂಟೆ. ಧನಿಗಳಿಗೆ ಅವರನ್ನು ಕಂಡರಾಗದು. ಯಾವುದೋ ಪುಸ್ತಕದ ಮೇಲೆ ಜಗಳವಾಡುತ್ತಿದ್ದರು, ಮೇಜು ಗುದ್ದಿ ಜಗಳ. ಹೆಣ್ಣಿಗಾಗಿ, ಗದ್ದೆಗಾಗಿ, ಕೋಳಿ ಅಂಕದಲ್ಲಿ ಜಗಳವಾಡಿದ್ದನ್ನು ಕಂಡವನು ನಾನು. ಪುಸ್ತಕಕ್ಕಾಗಿ ಜಗಳ ಕಂಡದ್ದು ಅದೇ ಮೊದಲು. ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತ ಅವರ ಬಳಿ ನಿಲ್ಲುತ್ತಿದ್ದೆ. ಅವರಲ್ಲೊಬ್ಬ, ನನ್ನದೇ ವಯಸ್ಸಿನವನು, ತಿರುಗಿ ನೋಡದೆ "ಏ ಬಾರ್ಕ್ಯಾ, ಪಾನಿ" ಅಂದ. ಸಿಟ್ಟು ಬಂತೆಂದು ನೀವು ತಿಳಿಯಬಹುದು. ಸಿಟ್ಟಲ್ಲ. ಅವರು ಏನು ಮಾತನಾಡುತ್ತಿದ್ದರೆಂಬುದು ಮುಗಿಯುವುದರೊಳಗೆ ನೀರಿಗೆ ಹೋಗಬೇಕಾಯಿತಲ್ಲ ಎಂಬ ಬೇಸರ.

ನೌಕರಿ ಮಾಡುತ್ತ ಓದುವವರಿಗೆಂದು ಬೆಳಗಿನ ಹೊತ್ತು ತರಗತಿ ನಡೆಸುವ ಕಾಲೇಜು ಫೋರ್ಟಿನಲ್ಲೇ ಇತ್ತು: ಸಿದ್ಧಾರ್ಥ ಕಾಲೇಜು. ಡಾ. ಅಂಬೇಡ್ಕರರು 1945ರಲ್ಲಿ ಸ್ಥಾಪಿಸಿದ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ತೆರೆದ ಕಾಲೇಜದು. ಸ್ವತಃ ಪರಳದ ಚಾಳಿನ ಒಂದು ಕೋಣೆಯಲ್ಲಿ, ಮಿಲ್ಲಿನವರ ನಡುವೆ ಓದಿ, ಎಲ್ಫಿನ್‌ಸ್ಟನ್ ಕಾಲೇಜಿಗೆ ಹೋಗಿ ಬಿ.ಎ. ಆದವರು ಅವರು. ದುಡಿಯುವವನಿಗೆ ಯಾವ ಹೊತ್ತು ಬಿಡುವಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಆ ಬಿಡುವು ಆಫೀಸಿನವರದು. ಹೋಟೆಲಿನವನಿಗೆ ಬೆಳಿಗ್ಗೆ ಏಳರಿಂದ ಹತ್ತೆಂದರೆ ನಾಷ್ಟಾದ ಹೊತ್ತು, ಉಸಿರಾಡಲೂ ಪುರಸತ್ತಿಲ್ಲ. ರಾತ್ರಿ ಶಾಲೆಗೆ ಬಿಟ್ಟ ಧನಿಗಳು ಬೆಳಗಿನ ಕಾಲೇಜಿಗೆ ಬಿಡಲಾರರು. ಅವರನ್ನು ದೂಷಿಸುವುದೂ ನ್ಯಾಯವಲ್ಲ. ಹೋಟೆಲು ಬಿಡಬೇಕು, ಬಿಟ್ಟರೆ ಏನಾಗುತ್ತದೆ ನೋಡಿ. ನನಗೆ ಸಂಬಳ ನಲವತ್ತು ರೂಪಾಯಿ. ಊಟ ಅಲ್ಲಿಯೇ, ಮಲಗುವುದು ಅಲ್ಲಿಯೇ ಮಾಳದ ಮೇಲೆ. ನಲವತ್ತರಲ್ಲಿ ಮೂವತ್ತು ಊರಿಗೆ ಮನಿಯಾರ್ಡರು. ಒಂದು ಆಫೀಸಿನಲ್ಲಿ ಸಿಪಾಯಿ ಕೆಲಸ ತೊಂಬತ್ತು ರೂಪಾಯಿಗೆ ಸಿಗುತ್ತಿತ್ತು. ಹೆಚ್ಚಾಯಿತಲ್ಲ ಎನ್ನುತ್ತೀರಿ. ಖಾನಾವಳಿಗೆ ನಲವತ್ತೈದು, ಮಲಗುವ ಜಾಗಕ್ಕೆ ಹತ್ತು, ಲೋಕಲಿನ ಪಾಸು, ಕಾಲೇಜಿನ ಫೀ, ಪುಸ್ತಕ. ಊರಿಗೆ ಕಳಿಸಲು ಹತ್ತು ರೂಪಾಯಿ ಉಳಿದರೆ ಪುಣ್ಯ. ಮನೆಯಲ್ಲಿ ತಂಗಿ ಮದುವೆಗಿದ್ದಳು.

ಧನಿಗಳು ಕೆಟ್ಟವರಾಗಿರಲಿಲ್ಲ. "ಹೋಗುವುದಾದರೆ ಹೋಗು. ನಿನ್ನ ಜಾಗಕ್ಕೆ ಊರಿನಿಂದ ಒಬ್ಬನನ್ನು ಕೊಟ್ಟು ಹೋಗು" ಅಂದರು. ಆ ಕಾಲದಲ್ಲಿ ಅದೇ ರೂಢಿ.

ಬಂಧುಗಳೇ, ಇದನ್ನು ನಾನು ಯಾವ ಸಭೆಯಲ್ಲೂ ಹೇಳಿದವನಲ್ಲ. ನನ್ನ ಜಾಗಕ್ಕೆ ಬಂದವನು ನನ್ನ ತಮ್ಮ. ಹದಿಮೂರು ವರ್ಷ. ಏಳನೆಯ ತರಗತಿ. ಗಣಿತದಲ್ಲಿ ನನ್ನಂತೆ ಡುಮುಕಿ ಹೊಡೆಯುವವನಲ್ಲ. ಊರಿನ ಮಾಸ್ತರರು ಅವನನ್ನು ಬಿಡಬೇಡಿರೆಂದು ಅಪ್ಪಯ್ಯನ ಬಳಿ ಬಂದು ಹೇಳಿದ್ದರಂತೆ. ಬೋರಿಬಂದರದಲ್ಲಿ ಇಳಿಸಿಕೊಂಡು ಬಂದವನು ನಾನೇ, ಮೋರಿಯ ಮುಂದೆ ನಿಲ್ಲಿಸಿದವನೂ ನಾನೇ. "ಒಂದು ವರ್ಷ ಕಳೆಯಲಿ, ರಾತ್ರಿ ಶಾಲೆಗೆ ಸೇರಿಸುತ್ತೇನೆ" ಅಂದೆ. ಸೇರಿಸಿದೆ ಕೂಡ. ಎಂಟು ತಿಂಗಳು ಹೋದ. ಅಷ್ಟರಲ್ಲಿ ಧನಿಗಳು ಉಪನಗರದಲ್ಲಿ ಇನ್ನೊಂದು ಹೋಟೆಲು ತೆರೆದರು. ನಂಬಿಕೆಯ ಹುಡುಗ ಬೇಕೆಂದು ತಮ್ಮನನ್ನೇ ಅಲ್ಲಿಗೆ ಹಾಕಿದರು. ಅಲ್ಲಿ ಗಿರಾಕಿ ಶುರುವಾಗುವುದೇ ಸಂಜೆ ಆರಕ್ಕೆಂದು ಆಗಲೇ ಹೇಳಿದೆನಲ್ಲ.

ನಾನು 1965ರ ಜೂನಿನಲ್ಲಿ ಕಾಲೇಜಿಗೆ ಸೇರಿದೆ. ಮೊದಲ ದಿನ ಪ್ರೊಫೆಸರರು ಹಾಜರಿ ಕರೆದರು. ನನ್ನ ಹೆಸರು, ನಡುವೆ ಅಪ್ಪಯ್ಯನ ಹೆಸರು, ಕೊನೆಗೆ ಮನೆತನದ ಹೆಸರು, ಮುಂದೆ ಮಿಸ್ಟರ್ ಎಂಬ ಕೊಂಬು. ಯಾರನ್ನು ಕರೆದರೆಂದು ನಾನೇ ಹಿಂದೆ ತಿರುಗಿ ನೋಡಿದೆ. ಎರಡನೆಯ ಸಲ ಕರೆದಾಗ ಎದ್ದು ನಿಂತೆ. ಎದ್ದು ನಿಲ್ಲಬೇಕಾಗಿಲ್ಲ, "ಪ್ರೆಸೆಂಟ್" ಅಂದರೆ ಸಾಕೆಂದು ಹುಡುಗರು ನಕ್ಕರು.

ಪಾಠವೆಲ್ಲ ಇಂಗ್ಲಿಷು. ಕನ್ನಡ ಶಾಲೆಯಿಂದ ಬಂದವನಿಗೆ ಮೊದಲ ನಾಲ್ಕು ತಿಂಗಳು ಮಳೆಯ ಸದ್ದು ಕೇಳಿದಂತೆ ಕೇಳುತ್ತಿತ್ತು. ಒಂದು ದಿನ ಅರ್ಥಶಾಸ್ತ್ರದವರು ಒಂದು ನಿಯಮ ಹೇಳುತ್ತಿದ್ದರು: ಒಂದೇ ವಸ್ತು ಒಂದರ ಮೇಲೊಂದು ಸಿಗುತ್ತ ಹೋದಂತೆ ಪ್ರತಿ ಸಲ ಅದರಿಂದ ಸಿಗುವ ತೃಪ್ತಿ ಇಳಿಯುತ್ತದೆ ಎಂದು. ಹುಡುಗರು ಆಕಳಿಸುತ್ತಿದ್ದರು. ನನಗೆ ಥಟ್ಟನೆ ಹೊಳೆಯಿತು. ಮೊದಲ ದೋಸೆಯನ್ನು ಗಿರಾಕಿ ಹೇಗೆ ತಿನ್ನುತ್ತಾನೆ, ಎರಡನೆಯದನ್ನು ಹೇಗೆ, ಮೂರನೆಯದನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆಯಲು ಹೇಗೆ ಏಳುತ್ತಾನೆ ಎಂಬುದನ್ನು ಎಂಟು ವರ್ಷ ನೋಡಿದವನು ನಾನು! ಆ ತರಗತಿಯಲ್ಲಿ ಅದನ್ನು ನನ್ನಷ್ಟು ಬಲ್ಲವರು ಪ್ರೊಫೆಸರರನ್ನು ಹಿಡಿದು ಯಾರೂ ಇರಲಿಲ್ಲ. ಆ ದಿನದಿಂದ ಭಯ ಸ್ವಲ್ಪ ಬಿಟ್ಟಿತು.

ವಾಸ ಲಾಲಬಾಗದ ಒಂದು ಚಾಳಿನ ಖೋಲಿಯಲ್ಲಿ. ಒಂದು ಖೋಲಿಗೆ ಹದಿಮೂರು ಮಂದಿ, ಬಿಜಾಪುರ, ಬೆಳಗಾವಿ ಕಡೆಯ ಮಿಲ್ಲಿನವರು. ಹದಿಮೂರು ಮಂದಿ ಹೇಗೆ ಮಲಗುತ್ತಿದ್ದಿರಿ ಎಂದು ನನ್ನ ಮೊಮ್ಮಗಳು ಕೇಳುತ್ತಾಳೆ. ಪಾಳಿಯ ಮೇಲೆ. ಮೊದಲ ಪಾಳಿಯವನು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುವುದು, ಚಾಪೆ ತಣ್ಣಗಾಗುತ್ತಿರಲಿಲ್ಲ. ಅವರಲ್ಲಿ ಸಾಚಾ ನಡೆಸುವ ಒಬ್ಬ ಗೆಳೆಯನಿಗೆ ನನಗಿಂತ ಹೆಚ್ಚು ಓದುವ ಆಸೆ. ಎಸ್.ಎಸ್.ಸಿ.ಗೆ ಎರಡು ಸಲ ಹೆಸರು ಕಟ್ಟಿದ. ಪಾಳಿ ಒಂದೇ ಇದ್ದಿದ್ದರೆ ಮಾಡಿಯೇ ತೀರುತ್ತಿದ್ದ. ಒಂದು ತಿಂಗಳು ಸಂಜೆ ಬಿಡುವು, ಮುಂದಿನ ತಿಂಗಳು ಸಂಜೆಯೇ ಮಿಲ್ಲು. ಯಾವ ಶಾಲೆ ಹೀಗೆ ತಿಂಗಳು ಬಿಟ್ಟು ತಿಂಗಳು ಕಾಯುತ್ತದೆ? ಕಡೆಗೆ ಮಗನನ್ನು ಓದಿಸುತ್ತೇನೆಂದು ಬಿಟ್ಟುಬಿಟ್ಟ. ಮಗ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ 1982ರ ಜನವರಿ 18ರಂದು ಮಿಲ್ಲುಗಳ ಮುಷ್ಕರ ಆರಂಭವಾಯಿತು. ಎರಡು ಲಕ್ಷಕ್ಕೂ ಮಿಕ್ಕಿದ ಮಂದಿ ಹೊರಗೆ ಬಂದರು. ಮುಂದಿನದು ನಿಮಗೆಲ್ಲ ಗೊತ್ತು. ಇಲ್ಲಿ ಕುಳಿತವರಲ್ಲಿ ಎಷ್ಟೋ ಮನೆಗಳ ಕಥೆ ಅದೇ. ಮರುವರ್ಷ ಆ ಹುಡುಗ ಕಾಲೇಜು ಬಿಟ್ಟು ರಿಕ್ಷಾ ಹಿಡಿದ.

ನಾನು ನಾಲ್ಕು ವರ್ಷದ ಓದನ್ನು ಆರು ವರ್ಷಕ್ಕೆ ಎಳೆದೆ. 1971ರಲ್ಲಿ ಬಿ.ಎ. ಆಯಿತು, ಮೂರನೆಯ ದರ್ಜೆ. ಸಿಪಾಯಿಯಿಂದ ಗುಮಾಸ್ತನಾದೆ, ಸಂಬಳ ಅರುವತ್ತು ರೂಪಾಯಿ ಏರಿತು. ಅಪ್ಪಯ್ಯನಿಗೆ ಬರೆದಿದ್ದ ಇನ್ನೂರೈವತ್ತು ಕೈಗೆ ಬರಲು ಇನ್ನೂ ಮೂರು ವರ್ಷ ಹಿಡಿಯಿತು. ಹೋಟೆಲಿನಲ್ಲಿ ನನ್ನ ಜೊತೆ ಮೋರಿಯಲ್ಲಿದ್ದವನೊಬ್ಬ ಅಷ್ಟರಲ್ಲಿ ಸ್ವಂತ ಹೋಟೆಲು ಇಟ್ಟಿದ್ದ. ಕಾಲೇಜಿಗೆ ಹೋಗುವುದು ಹಣಕ್ಕಾಗಿಯೇ ಆದರೆ ಅವನ ಲೆಕ್ಕವೇ ಸರಿ, ನನ್ನದು ತಪ್ಪು.

ಆ ವಕೀಲರ ಕಾಗದವನ್ನು ಕಾಲೇಜಿನ ಮೂರನೆಯ ವರ್ಷದಲ್ಲೇ ಪೆಟ್ಟಿಗೆಯಿಂದ ತೆಗೆದು ಓದಿದ್ದೆ. ಡಿಕ್ಷನರಿ ಬೇಕಾಗಲಿಲ್ಲ. ಬಾಕಿಯ ವಿಷಯ ಮೊದಲ ಹಾಳೆಯಲ್ಲಿತ್ತು, ಗುಮಾಸ್ತರು ಸರಿಯಾಗಿಯೇ ಹೇಳಿದ್ದರು. ಎರಡನೆಯ ಹಾಳೆಯಲ್ಲಿ, ಕಪ್ಪಿನ ಕಲೆಯ ಕೆಳಗೆ, ಮೇಲಿನ ಗದ್ದೆಯನ್ನು ಒಕ್ಕಲು ತಾನಾಗಿ ಬಿಟ್ಟುಕೊಟ್ಟಿದ್ದಾನೆಂದೂ, ಅಲ್ಲವೆನ್ನುವುದಾದರೆ ಹದಿನೈದು ದಿನದೊಳಗೆ ಉತ್ತರ ಕೊಡತಕ್ಕದ್ದೆಂದೂ ಇತ್ತು. ನಾವು ದುಡ್ಡು ಕಳಿಸಿದೆವು, ಉತ್ತರ ಕಳಿಸಲಿಲ್ಲ. ಅಷ್ಟೇ. ಒಂದು ಪೋಸ್ಟು ಕಾರ್ಡಿನ ಕೆಲಸ.

ಕರ್ನಾಟಕದಲ್ಲಿ ಭೂಸುಧಾರಣೆಯ ಕಾಯಿದೆ ಬಿಗಿಯಾಗಿ ಬಂದು, 1974ರ ಮಾರ್ಚ್ 1ರಂದು ಗೇಣಿಯ ಭೂಮಿ ಯಾರ ಸಾಗುವಳಿಯಲ್ಲಿತ್ತೋ ಅವರು ಫಾರಂ ನಂಬರು 7 ತುಂಬಿ ಹಕ್ಕು ಕೇಳಬಹುದೆಂದಾಯಿತು. ರಜೆ ಹಾಕಿ ಊರಿಗೆ ಹೋದೆ. ಅಪ್ಪಯ್ಯನದನ್ನು ತುಂಬಿದೆ, ಕೇರಿಯ ಹನ್ನೊಂದು ಮನೆಯವರದನ್ನೂ ತುಂಬಿದೆ. ಕೆಳಗಿನ ಗದ್ದೆ ನಮ್ಮದಾಯಿತು. ಮೇಲಿನ ಗದ್ದೆಯನ್ನು ಬರೆಯುವಂತಿರಲಿಲ್ಲ, ಅದು ಹನ್ನೆರಡು ವರ್ಷದ ಹಿಂದೆಯೇ ಕೈಬಿಟ್ಟಿತ್ತು. "ಅದನ್ನೂ ಬರಿ" ಎಂದು ಅಪ್ಪಯ್ಯ ಬೆರಳು ತೋರಿಸಿದರು. ಏಕೆ ಬರೆಯುವಂತಿಲ್ಲವೆಂದು ಆಗಲೂ ಅವರಿಗೆ ಹೇಳಲಿಲ್ಲ. ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ತಮ್ಮನಿಗೆ ಹೇಳಿದೆ. ಬಿ.ಎ. ಸರ್ಟಿಫಿಕೇಟು ಬಂದ ದಿನ ಉಪನಗರದ ಆ ಹೋಟೆಲಿಗೆ ಹೋಗಿ, ಗಿರಾಕಿ ಇಳಿಯುವವರೆಗೆ ರಾತ್ರಿ ಹನ್ನೆರಡರ ತನಕ ಕಾದು, ಮಾಳದ ಮೇಲೆ ಕೂತು ಎಲ್ಲ ಹೇಳಿದೆ: ಕಾಗದದ್ದು, ಸುಳ್ಳಿನದು, ನನ್ನ ಜಾಗಕ್ಕೆ ಅವನನ್ನು ಕರೆಸಿದ್ದು. ಅವನು ಸರ್ಟಿಫಿಕೇಟನ್ನು ದೀಪಕ್ಕೆ ಹಿಡಿದು ನೋಡಿದ. "ಇದರಲ್ಲಿ ಅಪ್ಪಯ್ಯನ ಹೆಸರೂ ಉಂಟಲ್ಲ ಅಣ್ಣ" ಅಂದ. ಕೈ ಒದ್ದೆಯಿದೆಯೆಂದು ಮೊದಲೇ ಒರೆಸಿಕೊಂಡಿದ್ದ. ಸ್ವಲ್ಪ ಹೊತ್ತು ಬಿಟ್ಟು, "ಗಣಿತ ಇದರಲ್ಲಿ ಇತ್ತಾ?" ಎಂದು ಕೇಳಿದ. ಇರಲಿಲ್ಲ ಅಂದೆ. "ಹಾಗಾದರೆ ನನಗೆ ಬೇಡವಾಗಿತ್ತು ಬಿಡು" ಎಂದು ನಕ್ಕ. ಅವನು ನಲವತ್ತು ವರ್ಷ ಗಲ್ಲೆಯಲ್ಲಿ ಕೂತ. ಹತ್ತು ಟೇಬಲ್ಲಿನ ಬಿಲ್ಲನ್ನು ಬಾಯಿಯಲ್ಲೇ ಕೂಡುತ್ತಿದ್ದ. ನಾನು ಕಾಲೇಜಿಗೆ ಹೋದುದರ ನಿಜವಾದ ಫೀ ಕಟ್ಟಿದವನು ಅವನು. ರಸೀದಿ ಯಾರೂ ಕೊಡಲಿಲ್ಲ.

ಈ ನಿಧಿಗೆ ಪ್ರತಿ ವರ್ಷ ಗುಪ್ತವಾಗಿ ಹಣ ಕಳಿಸುತ್ತಿದ್ದವರು ಯಾರೆಂದು ಸಭೆಯಲ್ಲಿ ಹಲವು ಸಲ ಕೇಳಿದ್ದೀರಿ. ಅವನು ಹೋಗಿ ಈಗ ಎರಡು ವರ್ಷವಾಯಿತು, ಇನ್ನು ಹೇಳಿದರೆ ಬೈಯಲಾರ.

ಆದುದರಿಂದ ನಿಧಿಯ ಸಮಿತಿಗೆ ನನ್ನ ವಿನಂತಿ ಇಷ್ಟು. ಆ ಇಪ್ಪತ್ತಮೂರು ಅರ್ಜಿಗಳಲ್ಲಿ ಒಂದನ್ನೂ ತಳ್ಳಿಹಾಕಬೇಡಿ. ಆ ಒಂದು ಉತ್ತರವನ್ನು ಮಾತ್ರ ತಿರುಗಿ ಬರೆಸಿ. ಮಕ್ಕಳೇ, ಹಟಕ್ಕೆ ಹೋಗುವುದಾದರೆ ಹಟಕ್ಕೆ ಎಂದು ಬರೆಯಿರಿ. ಅಕ್ಕನ ಗಂಡ ಹಂಗಿಸಿದನೆಂದಾದರೆ ಹಾಗೆಯೇ ಬರೆಯಿರಿ, ನಾವೇನೂ ಅವನಿಗೆ ತೋರಿಸುವುದಿಲ್ಲ. ಮನೆಯಲ್ಲಿ ನಿಮ್ಮ ಬದಲಿಗೆ ಯಾರಾದರೂ ಶಾಲೆ ಬಿಡುತ್ತಿದ್ದರೆ ಅದನ್ನು ಅಗತ್ಯವಾಗಿ ಬರೆಯಿರಿ. ಆಗ ಸಹಾಯ ಇಬ್ಬರಿಗೂ ಕೊಡಬೇಕಾಗುತ್ತದೆ.

ಹೋಟೆಲಿನಲ್ಲಿ ಈಗಲೂ ದುಡಿಯುವ ತಮ್ಮಂದಿರಿಗೆ ಒಂದು ಮಾತು. ರಾತ್ರಿ ಶಾಲೆಗಳು ಬಹಳ ಕಡಿಮೆಯಾಗಿವೆ, ನಿಜ. ಆದರೆ ಪಾಳಿ ಬದಲಾಯಿತೆಂದು ಓದು ನಿಲ್ಲಿಸಬೇಕಾದ ಕಾಲವೂ ಹೋಗಿದೆ. ಹತ್ತನೆಯದು, ಹನ್ನೆರಡನೆಯದು ಆಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯಿದೆ. ಅಲ್ಲಿಂದ ಮುಂದಕ್ಕೆ 1985ರಲ್ಲಿ ಹುಟ್ಟಿದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವಿದೆ, 1989ರಲ್ಲಿ ನಾಸಿಕದಲ್ಲಿ ಆರಂಭವಾದ ಯಶವಂತರಾವ್ ಚವ್ಹಾಣರ ಹೆಸರಿನದಿದೆ. ಮನೆಯಲ್ಲೋ ಮಾಳದಲ್ಲೋ ಕೂತು ಓದಿ, ಪರೀಕ್ಷೆಗೆ ಮಾತ್ರ ಹೋದರಾಯಿತು. ಪರೀಕ್ಷೆಯ ದಿನಗಳಿಗೆ ರಜೆ ಕೊಡಿಸುವ ಮಾತನ್ನು ಧನಿಗಳ ಬಳಿ ನಾನು ಬಂದು ಆಡುತ್ತೇನೆ. ಎಂಬತ್ತು ದಾಟಿದವನನ್ನು ಅವರು ಬಾಗಿಲಿನಿಂದ ಕಳಿಸಲಾರರು, ಒಂದು ಚಹಾವನ್ನಾದರೂ ಕೊಟ್ಟಾರು.

ಆದಿತ್ಯವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಸಂಘದ ಕೋಣೆಯಲ್ಲಿ ಇರುತ್ತೇನೆ. ಶಾಲೆ ಬಿಟ್ಟ ದಾಖಲೆಯಿದ್ದರೆ ತನ್ನಿ, ಇಲ್ಲದಿದ್ದರೂ ಬನ್ನಿ. ಅರ್ಜಿ ತುಂಬಲು ನನ್ನ ಕೈ ಇನ್ನೂ ನಡೆಯುತ್ತದೆ, ಆದರೆ ಕಣ್ಣಿಗೆ ಮಂಜು ಕವಿದಿದೆ. ಸಣ್ಣ ಅಕ್ಷರದಲ್ಲಿ ಅಚ್ಚಾದದ್ದನ್ನು ನೀವೇ ನನಗೆ ಓದಿ ಹೇಳಬೇಕು, ಎರಡನೆಯ ಹಾಳೆಯನ್ನೂ ಬಿಡದೆ.